ಬೆಳಕಿನ ತಟ್ಟೆಯಲ್ಲಿ ಚಲಚ್ಚಿತ್ರ ಪಾಠ

ಈಚೆಗೆ ಒಂದು ದಿನ, ನೊಣವಿನಕೆರೆಯ ಕಡೆಯಿಂದ ಕಾಲೇಜಿಗೆ ಬರುವ ನನ್ನ ವಿದ್ಯಾರ್ಥಿಯೊಬ್ಬನು ಕಾಗದದಲ್ಲಿ ಸುತ್ತಿದ್ದ ಒಂದು ಸಿ.ಡಿ.ಯನ್ನು ತಂದು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟನು. ಅವನ ಊರಿನ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಉಪಾಧ್ಯಾಯರೊಬ್ಬರು ನಿವೃತ್ತರಾಗುವ ಮುನ್ನ, ಹಳೆಯ ವಿದ್ಯಾರ್ಥಿಗಳು ಕೂಡಿ ಅವರ ವಿಜ್ಞಾನ ಪಾಠಗಳನ್ನು ಚಿತ್ರೀಕರಿಸಿ ಆ ತಟ್ಟೆಯಲ್ಲಿ ತುಂಬಿಸಿದ್ದರಂತೆ. ತೆಂಗಿನ ಚಿಪ್ಪು, ಗರಿಯ ಕಡ್ಡಿ, ನಾರಿನ ಹುರಿ, ಇವಿಷ್ಟೇ ಅವರ ಉಪಕರಣಗಳು. ತಳದಲ್ಲಿ ಸಣ್ಣ ರಂಧ್ರವಿರುವ ಚಿಪ್ಪನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವವರೆಗಿನ ಕಾಲವನ್ನು ಅಳೆಯುವ ಗಳಿಗೆಬಟ್ಟಲಿನ ಪ್ರಯೋಗವೂ ಅವುಗಳಲ್ಲೊಂದು. ಆ ಉಪಾಧ್ಯಾಯರು ಈಗಿಲ್ಲ. ತಟ್ಟೆಗೆ ಬೇರೊಂದು ಪ್ರತಿಯೂ ಇಲ್ಲ.

ಯಂತ್ರದಲ್ಲಿಟ್ಟು ನೋಡಿದೆವು. ಪಾಠ ಚೆನ್ನಾಗಿಯೇ ನಡೆಯಿತು. ಆದರೆ ಬಟ್ಟಲು ಇನ್ನೇನು ಮುಳುಗಬೇಕು ಎನ್ನುವ ಹೊತ್ತಿಗೆ ಚಿತ್ರವು ಚೌಕ ಚೌಕವಾಗಿ ಒಡೆದು ಚೆಲ್ಲಾಪಿಲ್ಲಿಯಾಯಿತು. ನೋಡುನೋಡುತ್ತಿರುವಂತೆ ತಾನಾಗಿಯೇ ಸರಿಹೋಯಿತು. ಅಷ್ಟರಲ್ಲಿ ಬಟ್ಟಲು ನೀರಿನ ತಳ ಸೇರಿತ್ತು. ಹುಡುಗನು ಎರಡು ಪ್ರಶ್ನೆಗಳನ್ನು ಕೇಳಿದನು: “ಚಿತ್ರ ಒಡೆಯುವುದಾದರೆ ಚೌಕವಾಗಿಯೇ ಏಕೆ ಒಡೆಯಬೇಕು? ಒಡೆದದ್ದು ತಾನಾಗಿಯೇ ಅರೆಕ್ಷಣದಲ್ಲಿ ಹೇಗೆ ಕೂಡಿಕೊಂಡಿತು?”

ಪ್ರಶ್ನೆಗಳು ಚಿಕ್ಕವಾಗಿ ಕಂಡರೂ ಉತ್ತರ ಚಿಕ್ಕದಲ್ಲ. ಚಲಚ್ಚಿತ್ರವನ್ನು ಒಂದು ತಟ್ಟೆಯಲ್ಲಿ ಅಡಕಗೊಳಿಸುವ ವಿದ್ಯೆಯೆಲ್ಲ ಅದರಲ್ಲಿ ಬರುವುದು. ಕಲಿಯುವವನು ತನಗೆ ಬೇಕಾದಲ್ಲಿ ಪಾಠವನ್ನು ನಿಲ್ಲಿಸಿ, ಹಿಂದಿರುಗಿಸಿ, ಪ್ರಶ್ನೆ ಕೇಳಬಲ್ಲ ‘ಸಂವಾದೀ ಶಿಕ್ಷಣ’ಕ್ಕೂ ಈ ವಿದ್ಯೆಗೂ ಇರುವ ಒಂದು ವಿಚಿತ್ರವಾದ ತಿಕ್ಕಾಟವೂ ಅದರಲ್ಲೇ ಅಡಗಿದೆ. ಅದನ್ನು ಈ ಲೇಖನದಲ್ಲಿ ವಿಚಾರಿಸೋಣ.

ತಟ್ಟೆಯ ಮೇಲಿನ ಬರವಣಿಗೆ

ಸಿ.ಡಿ.ಯು 12 ಸೆಂಟಿಮೀಟರ್ ವ್ಯಾಸವೂ 1.2 ಮಿಲಿಮೀಟರ್ ದಪ್ಪವೂ ಉಳ್ಳ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯಾದರೆ ಅದರ ಒಂದು ಮೈಯಲ್ಲಿ ಅತಿ ಸೂಕ್ಷ್ಮವಾದ ಗುಂಡಿಗಳಿರುವುವು. ಅವುಗಳ ಮೇಲೆ ಅಲ್ಯೂಮಿನಿಯಮ್ಮಿನ ತೆಳುಪದರ, ಅದರ ಮೇಲೆ ಅರಗಿನ ಲೇಪ, ಕೊನೆಗೆ ಹೆಸರಿನ ಚೀಟಿ. ಗುಂಡಿಯ ಅಗಲ ಸುಮಾರು ಅರ್ಧ ಮೈಕ್ರೋಮೀಟರ್. ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ಈ ಗುಂಡಿಗಳು ಒಳಗಿನಿಂದ ಹೊರಕ್ಕೆ ಸುತ್ತುತ್ತ ಹೋಗುವ ಒಂದೇ ಸುರುಳಿಯ ಮೇಲೆ ಸಾಲಾಗಿ ನಿಂತಿವೆ. ಸುತ್ತಿನಿಂದ ಸುತ್ತಿಗೆ ಅಂತರ 1.6 ಮೈಕ್ರೋಮೀಟರ್. ಸುರುಳಿಯನ್ನು ಬಿಡಿಸಿ ನೆಟ್ಟಗೆ ಎಳೆದರೆ 5 ಕಿಲೋಮೀಟರಿಗೂ ಉದ್ದವಾಗುವುದು!

ಇದನ್ನು ಓದುವ ಲೇಖನಿ ಬೆಳಕು. 780 ನ್ಯಾನೋಮೀಟರ್ ತರಂಗದೂರವುಳ್ಳ ಲೇಸರ್ ಕಿರಣವನ್ನು ಮಸೂರದ ಮೂಲಕ ತಟ್ಟೆಯ ಕೆಳಗಿನಿಂದ ಹಾಯಿಸುತ್ತಾರೆ. ಪ್ಲಾಸ್ಟಿಕ್ಕಿನೊಳಗೆ ಬೆಳಕಿನ ತರಂಗವು ಕುಗ್ಗಿ ಸುಮಾರು 500 ನ್ಯಾನೋಮೀಟರ್ ಆಗುವುದು. ಗುಂಡಿಯ ಆಳವನ್ನು ಇದರ ನಾಲ್ಕನೆಯ ಒಂದು ಭಾಗದಷ್ಟು ಇಟ್ಟಿರುವುದು ಬುದ್ಧಿಪೂರ್ವಕವಾಗಿ. ಗುಂಡಿಯಿಂದ ಹಿಂದಿರುಗುವ ಬೆಳಕಿಗೂ ಸುತ್ತಲಿನ ಸಮತಲದಿಂದ ಹಿಂದಿರುಗುವ ಬೆಳಕಿಗೂ, ಹೋಗಿ ಬರುವ ದಾರಿಯಲ್ಲಿ ಅರ್ಧ ತರಂಗದಷ್ಟು ವ್ಯತ್ಯಾಸ ಬೀಳುವುದು. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುವುವು. ಪದವಿ ತರಗತಿಗಳಲ್ಲಿ ನಾವು ಸೋಪಿನ ಗುಳ್ಳೆಯ ಬಣ್ಣಗಳನ್ನು ತೋರಿಸಿ ಹೇಳಿಕೊಡುವ ವ್ಯತಿಕರಣವೇ ಇದು. ಹೀಗೆ ಸಮತಲದಲ್ಲಿ ಪ್ರಕಾಶ, ಗುಂಡಿಯಲ್ಲಿ ಮಬ್ಬು. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಅಂಚನ್ನು ಯಂತ್ರವು 1 ಎಂದೂ ಬದಲಾವಣೆಯಿಲ್ಲದ ಕಡೆ 0 ಎಂದೂ ತಿಳಿಯುವುದು.

ದೂಳು ಬಿದ್ದರೆ ಕೆಡದೆ? ಸಾಮಾನ್ಯವಾಗಿ ಕೆಡುವುದಿಲ್ಲ. ಕಿರಣವು ತಟ್ಟೆಯ ಹೊರಮೈಯನ್ನು ಹೊಕ್ಕಾಗ ಸುಮಾರು 0.8 ಮಿಲಿಮೀಟರ್ ಅಗಲವಾಗಿದ್ದು, ಗುಂಡಿಗಳನ್ನು ಮುಟ್ಟುವ ಹೊತ್ತಿಗೆ ಎರಡು ಮೈಕ್ರೋಮೀಟರಿಗಿಂತಲೂ ಕಿರಿದಾಗುತ್ತದೆ. ಕನ್ನಡಕದ ಮೇಲಿನ ದೂಳಿನ ಕಣ ನಮ್ಮ ಓದಿಗೆ ಅಡ್ಡಿಯಾಗದಂತೆ, ಹೊರಮೈಯ ದೂಳೂ ಯಂತ್ರದ ದೃಷ್ಟಿಯಿಂದ ಮಸುಕಾಗಿ ಮರೆಯಾಗುವುದು. ಅದರ ಮೇಲೆ ಗಣಿತದ ಕಾವಲು ಬೇರೆ ಇದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತ ವಿಧಾನವನ್ನು ಅನುಸರಿಸಿ, ಅಂಕೆಗಳ ನಡುವೆ ತಾಳೆ ನೋಡುವ ಅಂಕೆಗಳನ್ನು ಸೇರಿಸಿ, ಎಲ್ಲವನ್ನೂ ಚದುರಿಸಿ ಬರೆದಿರುತ್ತಾರೆ. ಸುರುಳಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಪೂರ್ತಿ ಅಳಿಸಿದರೂ ಕಳೆದುಹೋದ ಅಂಕೆಗಳನ್ನು ಉಳಿದವುಗಳಿಂದ ಲೆಕ್ಕ ಹಾಕಿ ಪಡೆಯಬಹುದು.

ಒಂದು ಸೆಕೆಂಡಿಗೆ ಒಂದೇ ಚಿತ್ರ

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದದ್ದು ಸಂಗೀತಕ್ಕಾಗಿ. ಚಲಚ್ಚಿತ್ರವನ್ನು ಅದರಲ್ಲಿ ತುಂಬಲು ಹೊರಟವರಿಗೆ ಒಡನೆಯೇ ಎದುರಾದ ತೊಡಕನ್ನು ನಾವೂ ಲೆಕ್ಕ ಹಾಕಿ ನೋಡಬಹುದು.

ಸಾಧಾರಣ ಗಾತ್ರದ ಒಂದು ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳಿವೆ ಎನ್ನೋಣ. ಒಟ್ಟು 1,01,376 ಚುಕ್ಕೆಗಳು. ಪ್ರತಿಯೊಂದರ ಪ್ರಕಾಶಕ್ಕೆ ಒಂದು ಬೈಟ್ ಬೇಕು. ನಮ್ಮ ಕಣ್ಣು ಬಣ್ಣದ ಸೂಕ್ಷ್ಮಗಳನ್ನು ಅಷ್ಟಾಗಿ ಗುರುತಿಸದ ಕಾರಣ, ನಾಲ್ಕು ಚುಕ್ಕೆಗಳಿಗೆ ಸೇರಿ ಬಣ್ಣಕ್ಕೆಂದು ಎರಡು ಬೈಟ್ ಕೊಟ್ಟರೆ ಸಾಕು. ಹೀಗೆ ಒಂದು ಚಿತ್ರಕ್ಕೆ 1,52,064 ಬೈಟ್‌ಗಳಾದುವು. ಆದರೆ ಸಿ.ಡಿ.ಯು ತನ್ನ ಮೂಲವೇಗದಲ್ಲಿ ಗಣಕಯಂತ್ರಕ್ಕೆ ಒಪ್ಪಿಸುವುದು ಸೆಕೆಂಡಿಗೆ 1,53,600 ಬೈಟ್‌ಗಳನ್ನು ಮಾತ್ರ. ಎಂದರೆ ಸೆಕೆಂಡಿಗೆ ಒಂದೇ ಚಿತ್ರ! ಚಲನೆ ಕಾಣಬೇಕಾದರೆ ನಮ್ಮ ದೇಶದ ಟೆಲಿವಿಷನ್ ಪದ್ಧತಿಯಂತೆ ಸೆಕೆಂಡಿಗೆ 25 ಚಿತ್ರಗಳು ಬೇಕು. ಅಷ್ಟನ್ನೂ ಇದ್ದಂತೆಯೇ ಬರೆದರೆ ಇಡೀ ತಟ್ಟೆ ಸುಮಾರು ಮೂರು ನಿಮಿಷಗಳ ಪಾಠಕ್ಕೆ ತುಂಬಿಹೋಗುವುದು. ಆದ್ದರಿಂದ ಚಿತ್ರಗಳನ್ನು ಇಪ್ಪತ್ತೈದು ಪಟ್ಟು ಕುಗ್ಗಿಸದೆ ಬೇರೆ ದಾರಿಯಿರಲಿಲ್ಲ. ಈ ಕುಗ್ಗಿಸುವಿಕೆಗೆ ಸಂಕೋಚನವೆಂದು ಹೆಸರು.

ಕೊಬ್ಬರಿಯ ನ್ಯಾಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯವರಿಗೆ ಸಂಕೋಚನದ ತತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಗುಂಡಿನಂತೆ ಸದ್ದು ಮಾಡುವುದು. ಹಸಿಯ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಉಂಡೆ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರೇಳು ಭಾಗಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಉಳಿಯುತ್ತದೆ. ಬೇಡದ್ದು ಹೋಗಿ ಬೇಕಾದದ್ದು ಉಳಿದ ಕಾರಣ ಕೊಬ್ಬರಿ ಹಗುರವೂ ಹೌದು, ದೂರದೂರಿಗೆ ಕಳುಹಿಸಲು ಅನುಕೂಲವೂ ಹೌದು. ಆದರೆ ಒಂದು ಮಾತು ನೆನಪಿರಲಿ: ಕೊಬ್ಬರಿಯನ್ನು ಮತ್ತೆ ಹಸಿಕಾಯಿ ಮಾಡಲಾಗುವುದಿಲ್ಲ.

ಚಿತ್ರದಲ್ಲಿ ‘ನೀರು’ ಯಾವುದು? ಇದನ್ನು ತಿಳಿಯಲು ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳ ಸಣ್ಣ ಚೌಕಗಳಾಗಿ ವಿಂಗಡಿಸುತ್ತಾರೆ. ಕೆರೆಯ ಮೇಲಿನ ಆಕಾಶದ ಒಂದು ಚೌಕವನ್ನು ತೆಗೆದುಕೊಂಡರೆ ಅದರ 64 ಚುಕ್ಕೆಗಳೂ ಹೆಚ್ಚುಕಡಿಮೆ ಒಂದೇ ಬಣ್ಣ. ಹಾಗಿರುವಾಗ 64 ಅಂಕೆಗಳನ್ನು ಬರೆಯುವುದಕ್ಕಿಂತ, ಅವುಗಳ ಸರಾಸರಿಯನ್ನೂ ಅದರಿಂದ ಆಚೀಚೆ ಆಗುವ ಏರಿಳಿತಗಳನ್ನೂ ಬರೆಯುವುದು ಲೇಸಲ್ಲವೆ? ತಂಬೂರಿಯ ಒಂದು ನಾದವನ್ನು ಮೂಲಸ್ವರ ಮತ್ತು ಅದರ ಅನುಸ್ವರಗಳ ಕೂಡಿಕೆಯೆಂದು ಬಿಡಿಸಿ ಹೇಳುವಂತೆ, ಪ್ರತಿಯೊಂದು ಚೌಕವನ್ನೂ ನಿಧಾನವಾದ ಏರಿಳಿತ, ಅದಕ್ಕಿಂತ ಬಿರುಸಾದ ಏರಿಳಿತ, ಅತಿ ಬಿರುಸಾದ ಏರಿಳಿತ ಎಂಬ 64 ಅಲೆಗಳ ಮೊತ್ತವೆಂದು ಬರೆಯಬಹುದು. ಈ ಅಲೆಗಳು ನಾವು ತ್ರಿಕೋಣಮಿತಿಯಲ್ಲಿ ಓದಿರುವ ಕೋಸೈನ್ ರೇಖೆಗಳೇ. ಈ ಬಿಡಿಸುವಿಕೆಗೆ ‘ಡಿಸ್ಕ್ರೀಟ್ ಕೋಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿ.ಸಿ.ಟಿ., ಎನ್ನುತ್ತಾರೆ.

ಇಷ್ಟರಿಂದಲೇ ಏನೂ ಕುಗ್ಗಲಿಲ್ಲ. 64 ಅಂಕೆಗಳ ಬದಲಿಗೆ ಬೇರೆ 64 ಅಂಕೆಗಳು ಬಂದುವು, ಅಷ್ಟೆ. ಆದರೆ ಮೊದಲು ಸಮನಾಗಿ ಹರಡಿದ್ದ ಸಾರವೆಲ್ಲ ಈಗ ಮೊದಲ ಕೆಲವು ಅಂಕೆಗಳಲ್ಲಿ ಬಂದು ಸೇರಿದೆ. ಬಿರುಸಾದ ಅಲೆಗಳ ಅಂಕೆಗಳು ಬಹಳ ಚಿಕ್ಕವು. ಮೇಲಾಗಿ ಅಂಥ ನುಣುಪಾದ ಏರಿಳಿತಗಳಲ್ಲಿ ಸ್ವಲ್ಪ ತಪ್ಪಾದರೂ ನಮ್ಮ ಕಣ್ಣು ಗಮನಿಸದು. ಆದ್ದರಿಂದ ಅವನ್ನು ಒರಟಾಗಿ ದುಂಡಗೆ ಮಾಡಿಬಿಡುತ್ತಾರೆ; ಹೆಚ್ಚಿನವು ಸೊನ್ನೆಯಾಗುತ್ತವೆ. ಹೀಗೆ ಸಾಲಾಗಿ ಬಂದ ಸೊನ್ನೆಗಳನ್ನು ಒಂದೊಂದಾಗಿ ಬರೆಯದೆ ‘ಇಲ್ಲಿಂದ ಮುಂದೆಲ್ಲ ಸೊನ್ನೆ’ ಎಂಬ ಒಂದೇ ಗುರುತು ಹಾಕಿದರೆ ಸಾಕು. ನೀರು ಇಂಗಿ ಎಣ್ಣೆ ಉಳಿಯುವುದು ಇಲ್ಲಿ.

ಹುಡುಗನ ಮೊದಲನೆಯ ಪ್ರಶ್ನೆಗೆ ಉತ್ತರವೂ ದೊರೆತಂತಾಯಿತು. ಯಂತ್ರಕ್ಕೆ ಚಿತ್ರವೆಂಬುದು ಚುಕ್ಕೆಗಳ ರಾಶಿಯಲ್ಲ, ಚೌಕಗಳ ಸಾಲು. ಅಂಕೆಗಳು ಕೆಟ್ಟಾಗ ಕೆಡುವುದೂ ಚೌಕವೇ.

ಬೆಂಗಳೂರಿನ ವಿದ್ಯಾರ್ಥಿಯ ಸರಳ ಉಪಾಯ

ಈ ಕೋಸೈನ್ ವಿಧಾನವನ್ನು ಕಂಡುಹಿಡಿದವರು ನಮ್ಮವರೇ ಎಂಬುದು ಕನ್ನಡ ವಾಚಕರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇಂದು ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್ ಎಂದು ಹೆಸರಾಗಿರುವ, 1917ರಲ್ಲಿ ಸ್ಥಾಪಿತವಾದ ಕಾಲೇಜಿನಲ್ಲಿ ಓದಿ 1961ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಮುಂದೆ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಗಳಿಸಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

1972ರಲ್ಲಿ ಅವರು ಕೋಸೈನ್ ಅಲೆಗಳ ಈ ಯೋಚನೆಯನ್ನು ಬರೆದು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಧನಸಹಾಯ ಕೋರಿದರು. ಕೋರಿಕೆ ತಿರಸ್ಕೃತವಾಯಿತು. ಪರಿಶೀಲಕರಲ್ಲೊಬ್ಬರಿಗೆ ಆ ಯೋಚನೆ ತೀರ ಸರಳವೆಂದು ತೋರಿತ್ತೆಂದು ಅಹ್ಮದರೇ 1991ರಲ್ಲಿ ಬರೆದ ಒಂದು ಸ್ಮರಣಲೇಖನದಲ್ಲಿ ತಿಳಿಸಿದ್ದಾರೆ. ಅವರು ಕೈಬಿಡಲಿಲ್ಲ. ತಮ್ಮ ಶಿಷ್ಯ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿ ಅಧ್ಯಾಪಕರಾಗಿದ್ದ ಕೆ. ಆರ್. ರಾವ್ ಅವರೊಡನೆ ಕೂಡಿ ಕೆಲಸ ಮುಂದುವರಿಸಿ, 1974ರ ಜನವರಿಯಲ್ಲಿ ನಾಲ್ಕೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಇಂದು ದೂರವಾಣಿಯಲ್ಲಿ ನಾವು ತೆಗೆಯುವ ಸಾಮಾನ್ಯ ಛಾಯಾಚಿತ್ರವಾಗಲಿ, ಸಿ.ಡಿ., ಡಿ.ವಿ.ಡಿ.ಗಳ ಚಲಚ್ಚಿತ್ರವಾಗಲಿ, ಹೆಚ್ಚಿನವು ಈ ನಾಲ್ಕು ಪುಟಗಳ ಋಣದಲ್ಲಿವೆ. ಸರಳವೆಂಬುದು ದೋಷವಲ್ಲ, ಅದೇ ಅದರ ಬಲವೆಂದು ಕಾಲವೇ ತೋರಿಸಿತು.

ನೆರೆಯ ಚಿತ್ರದಿಂದ ಸಾಲ

ಒಂದೊಂದು ಚಿತ್ರವನ್ನೂ ಹೀಗೆ ಒಣಗಿಸಿದರೂ ಇಪ್ಪತ್ತೈದು ಪಟ್ಟು ಕುಗ್ಗುವುದು ಕಷ್ಟ. ಎರಡನೆಯ ಉಪಾಯವೊಂದು ಬೇಕು. ಗಳಿಗೆಬಟ್ಟಲಿನ ಪಾಠವನ್ನೇ ನೋಡಿ: ಗೋಡೆ ಅಲ್ಲೇ ಇದೆ, ಮೇಜು ಅಲ್ಲೇ ಇದೆ, ಉಪಾಧ್ಯಾಯರ ಕೈ ಮಾತ್ರ ಚೂರು ಸರಿದಿದೆ. ಸೆಕೆಂಡಿನ 25ನೆಯ ಒಂದು ಭಾಗದಲ್ಲಿ ಜಗತ್ತು ಎಷ್ಟು ತಾನೆ ಬದಲಾದೀತು? ಹಾಗಾಗಿ ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಅದರ ಮುಂದಿನ ಹತ್ತು ಹನ್ನೆರಡು ಚಿತ್ರಗಳನ್ನು ‘ಈ ಚೌಕ ಹಿಂದಿನಂತೆಯೇ ಇದೆ’, ‘ಆ ಚೌಕ ಎರಡು ಚುಕ್ಕೆ ಬಲಕ್ಕೆ ಸರಿದಿದೆ’, ‘ಇಲ್ಲಿ ಇಷ್ಟು ವ್ಯತ್ಯಾಸ’ ಎಂದು ಬರೆದರೆ ಸಾಕು. ಈ ಲೆಕ್ಕಕ್ಕೆ ಹದಿನಾರು ಚುಕ್ಕೆಗಳ ದೊಡ್ಡ ಚೌಕಗಳನ್ನು ಬಳಸುತ್ತಾರೆ. ನಮ್ಮ ಚಿತ್ರದಲ್ಲಿ ಅಂಥವು 396 ಆಗುವುವು. ಪೂರ್ಣಚಿತ್ರವು ವ್ಯತ್ಯಾಸದ ಚಿತ್ರಕ್ಕಿಂತ ಹಲವು ಪಟ್ಟು ಸ್ಥಳ ಹಿಡಿಯುವುದು. ಆದರೆ ಅದು ಬರುವುದು ಅರ್ಧ ಸೆಕೆಂಡಿಗೊಮ್ಮೆ ಮಾತ್ರ.

1988ರಲ್ಲಿ ಲಿಯೊನಾರ್ಡೊ ಕಿಯಾರಿಗ್ಲಿಯೋನೆ ಮತ್ತು ಹಿರೋಷಿ ಯಾಸುದಾ ಅವರ ಮುಂದಾಳುತನದಲ್ಲಿ ಸೇರಿದ ‘ಎಂಪೆಗ್’ ತಜ್ಞಮಂಡಲಿಯು ಈ ಎರಡು ಉಪಾಯಗಳನ್ನೂ ಬೆಸೆದು ಒಂದು ಅಂತರರಾಷ್ಟ್ರೀಯ ಕ್ರಮವನ್ನು ರೂಪಿಸಿತು. ಸೆಕೆಂಡಿಗೆ 3 ಕೋಟಿಗೂ ಹೆಚ್ಚು ಬಿಟ್‌ಗಳು ಬೇಕಾಗಿದ್ದ ಚಿತ್ರಕ್ಕೆ 11.5 ಲಕ್ಷ ಬಿಟ್‌ಗಳು ಸಾಕಾದುವು. ಅದನ್ನು ಅನುಸರಿಸಿ 1993ರಲ್ಲಿ ಬಂದ ವಿಡಿಯೋ ಸಿ.ಡಿ.ಯಲ್ಲಿ ಧ್ವನಿಸಹಿತವಾಗಿ 74 ನಿಮಿಷಗಳ ಚಲಚ್ಚಿತ್ರವನ್ನು ಹಿಡಿಸಲಾಯಿತು. ಮೂರು ನಿಮಿಷವೆಲ್ಲಿ, ಎಪ್ಪತ್ತನಾಲ್ಕು ನಿಮಿಷವೆಲ್ಲಿ!

ಕಾಯದ ಪಾಠ, ಕಾಯುವ ಪಾಠ

ಶಿಕ್ಷಣಕ್ಕೆ ಇದರಿಂದ ಏನು ಪ್ರಯೋಜನವೆಂದು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ತಲುಪಿದುವು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದುವು. ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಲಾಯಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳು ಅದರ ಆರಂಭದ ಪ್ರಯೋಗಗಳಲ್ಲಿ ಪಾಲುಗೊಂಡುವು. ಇವೆಲ್ಲ ದೊಡ್ಡ ಸಾಧನೆಗಳು. ಆದರೆ ಆಕಾಶದಿಂದ ಇಳಿಯುವ ಪಾಠಕ್ಕೆ ಒಂದು ಮಿತಿಯಿದೆ: ಅದು ಗಡಿಯಾರದೊಡನೆ ಓಡುತ್ತದೆ. ಒಂದು ಮಾತು ಅರ್ಥವಾಗದೆ ಹಿಂದೆ ಬಿದ್ದ ಮಗುವಿಗಾಗಿ ಅದು ನಿಲ್ಲುವುದಿಲ್ಲ. ತಟ್ಟೆಯ ಪಾಠವಾದರೋ ನಿಲ್ಲಬಲ್ಲುದು, ಹಿಂದಿರುಗಬಲ್ಲುದು, ಮಗುವಿನ ಉತ್ತರವನ್ನು ನೋಡಿ ಬೇರೆ ದಾರಿ ಹಿಡಿಯಬಲ್ಲುದು.

ಇಲ್ಲಿಯೇ ನಾನು ಆರಂಭದಲ್ಲಿ ಹೇಳಿದ ತಿಕ್ಕಾಟ ಹುಟ್ಟುವುದು. 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, 30 ಸೆಂಟಿಮೀಟರ್ ಅಗಲದ ‘ಲೇಸರ್ ಡಿಸ್ಕ್’ ಎಂಬ ಹಿರಿಯಣ್ಣನಲ್ಲಿ ಸಂಕೋಚನವಿರಲಿಲ್ಲ. ಅದರ ಒಂದು ಬಗೆಯಲ್ಲಿ ತಟ್ಟೆಯ ಒಂದು ಸುತ್ತಿಗೆ ಒಂದು ಚಿತ್ರ. ಒಂದು ಮಗ್ಗುಲಿಗೆ 54,000 ಚಿತ್ರಗಳು. ಚಿತ್ರವನ್ನು ನಿಲ್ಲಿಸಬೇಕಾದರೆ ಕಿರಣವನ್ನು ಅದೇ ಸುತ್ತಿನಲ್ಲಿ ಇರಿಸಿದರೆ ಮುಗಿಯಿತು. ಪ್ರತಿಯೊಂದು ಚಿತ್ರವೂ ಸ್ವತಂತ್ರ. ಆದರೆ ಅಷ್ಟು ದೊಡ್ಡ ತಟ್ಟೆಯ ಮಗ್ಗುಲಿನಲ್ಲಿ ಹಿಡಿದದ್ದು ಅರ್ಧ ಗಂಟೆಯ ಪಾಠ ಮಾತ್ರ.

ಸಂಕೋಚನಗೊಂಡ ಚಲಚ್ಚಿತ್ರದಲ್ಲಿ ಯಾವ ಚಿತ್ರವೂ ಒಂಟಿಯಲ್ಲ. ಪೂರ್ಣಚಿತ್ರವನ್ನು ಬಿಟ್ಟು ಉಳಿದುವೆಲ್ಲ ನೆರೆಯವರಿಂದ ಸಾಲ ಪಡೆದು ಬದುಕುವುವು. ನಡುವಿನ ಒಂದು ಚಿತ್ರಕ್ಕೆ ಹಾರಬೇಕೆಂದರೆ ಅದರ ಹಿಂದಿನ ಪೂರ್ಣಚಿತ್ರಕ್ಕೆ ಹೋಗಿ, ಅಲ್ಲಿಂದ ಲೆಕ್ಕ ಮಾಡುತ್ತ ಬರಬೇಕು. ಹೆಚ್ಚು ಕುಗ್ಗಿಸಿದಷ್ಟೂ ಪರಾವಲಂಬನೆ ಹೆಚ್ಚು. ಸಂವಾದಕ್ಕೆ ಬೇಕಾದದ್ದು ಸ್ವಾತಂತ್ರ್ಯ. ಸ್ಥಳ ಉಳಿಸುವ ಕೈ ಒಂದು ಕಡೆಗೆ ಎಳೆದರೆ, ಮಗುವಿನ ಪ್ರಶ್ನೆಗೆ ಒಡನೆಯೇ ಉತ್ತರ ಕೊಡಬೇಕೆನ್ನುವ ಕೈ ಇನ್ನೊಂದು ಕಡೆಗೆ ಎಳೆಯುವುದು.

ಈ ಎರಡನ್ನೂ ಒಂದೇ ತಟ್ಟೆಯಲ್ಲಿ ಹೊಂದಿಸಲು ಮೊದಲು ಯತ್ನಿಸಿದವರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಡೇವಿಡ್ ಸಾರ್ನಾಫ್ ಸಂಶೋಧನಾ ಕೇಂದ್ರದವರು ಮುಖ್ಯರು. 1987ರ ಮಾರ್ಚಿನಲ್ಲಿ ಅವರು ಪ್ರದರ್ಶಿಸಿದ ‘ಡಿ.ವಿ.ಐ.’ ಎಂಬ ವ್ಯವಸ್ಥೆಯು ಒಂದು ಸಿ.ಡಿ.ಯಲ್ಲಿ 72 ನಿಮಿಷಗಳ ಚಲಚ್ಚಿತ್ರವನ್ನು ಅಡಕಗೊಳಿಸಿತ್ತು. ಅದಕ್ಕಾಗಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನವರು ಮಕ್ಕಳಿಗೆಂದು ‘ಪಲೆಂಕೆ’ ಎಂಬ ಮಾದರಿ ಪಾಠವನ್ನು ರಚಿಸಿದರು. ಮೆಕ್ಸಿಕೋ ದೇಶದಲ್ಲಿರುವ ಮಾಯಾ ಜನರ ಪಾಳುನಗರದಲ್ಲಿ ಮಗುವು ತಾನೇ ದಾರಿ ಆರಿಸಿಕೊಂಡು ತಿರುಗಾಡಬಹುದಾಗಿತ್ತು.

ಪಾಠ ಕಟ್ಟುವವರ ಜಾಣತನ

ತಿಕ್ಕಾಟಕ್ಕೆ ಪರಿಹಾರವೇನು? ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತೆಂಗಿನ ನುಸಿಪೀಡೆಯ ಬಗ್ಗೆ ರೈತರಿಗಾಗಿ ಒಂದು ಪಾಠ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿ ಕರ್ನಾಟಕಕ್ಕೂ ಹರಡಿದ ಈ ನುಸಿ ಕಾಲು ಮಿಲಿಮೀಟರಿಗಿಂತ ಉದ್ದವಿಲ್ಲ, ಬರಿಗಣ್ಣಿಗೆ ಕಾಣದು. ಎಳೆಗಾಯಿಯ ತೊಟ್ಟಿನ ಹೊದಿಕೆಯಡಿಯಲ್ಲಿ ಕುಳಿತು ರಸ ಹೀರುವುದು. ಪಾಠದಲ್ಲಿ ಮೂರು ಎಳೆಗಾಯಿಗಳನ್ನು ತೋರಿಸಿ, ‘ಇವುಗಳಲ್ಲಿ ನುಸಿ ಹತ್ತಿದ ಕಾಯಿ ಯಾವುದು?’ ಎಂದು ಕೇಳುತ್ತಾರೆ. ತೊಟ್ಟಿನ ಕೆಳಗೆ ತ್ರಿಕೋಣಾಕಾರದ ಕಲೆಯಿರುವ ಕಾಯಿಯನ್ನು ಆರಿಸಿದವನನ್ನು ಸೂಕ್ಷ್ಮದರ್ಶಕದ ಚಿತ್ರಕ್ಕೆ ಒಯ್ಯುವುದು; ತಪ್ಪಿದವನನ್ನು, ಆ ಕಲೆ ದಿನದಿನಕ್ಕೆ ಬೆಳೆಯುವ ಚಿತ್ರಕ್ಕೆ ಒಯ್ಯುವುದು.

ಇಲ್ಲಿ ಪಾಠ ಕಟ್ಟುವವನು ಮೂರು ಕೆಲಸ ಮಾಡಬೇಕು. ಮೊದಲನೆಯದಾಗಿ, ಪ್ರತಿಯೊಂದು ಕವಲಿನ ಬಾಗಿಲಲ್ಲೂ ಕಡ್ಡಾಯವಾಗಿ ಒಂದು ಪೂರ್ಣಚಿತ್ರವನ್ನು ಇರಿಸಬೇಕು. ಎರಡನೆಯದಾಗಿ, ಯಾವ ಪೂರ್ಣಚಿತ್ರ ತಟ್ಟೆಯ ಯಾವ ಭಾಗದಲ್ಲಿದೆ ಎಂಬ ಅನುಕ್ರಮಣಿಕೆಯನ್ನು ಒದಗಿಸಬೇಕು. ಮೂರನೆಯದಾಗಿ, ಒಂದು ಪ್ರಶ್ನೆಯ ಉತ್ತರಗಳನ್ನು ಸುರುಳಿಯ ಮೇಲೆ ಹತ್ತಿರ ಹತ್ತಿರ ಇಡಬೇಕು. ಏಕೆಂದರೆ ಓದುವ ತಲೆಯು ಒಳಸುತ್ತಿನಿಂದ ಹೊರಸುತ್ತಿಗೆ ಸರಿದು, ಅದಕ್ಕೆ ತಕ್ಕಂತೆ ತಟ್ಟೆಯ ವೇಗ ಬದಲಾಗಲು ಹೊತ್ತು ಹಿಡಿಯುವುದು. ಮೂಲವೇಗದಲ್ಲಿ ತಟ್ಟೆಯು ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗಡೆ ಸುಮಾರು 200 ಸುತ್ತು ತಿರುಗುತ್ತದೆ. ಪೂರ್ಣಚಿತ್ರಗಳಿಗೆ ಹೆಚ್ಚು ಸ್ಥಳ ವ್ಯಯವಾದರೆ ಆಗಲಿ. ಆ ಸ್ಥಳವು ಕಲಿಯುವವನ ಪ್ರಶ್ನೆಗೆ ತೆತ್ತ ಬೆಲೆ.

ಕನ್ನಡದ ಮಕ್ಕಳಿಗೆ ಇಂಥ ತಟ್ಟೆಗಳು ದೊರೆಯದೆ ಇರಲಿಲ್ಲ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಗ್ರಾಮಾಂತರದ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಕಥೆ, ಆಟ, ಪ್ರಶ್ನೋತ್ತರಗಳ ರೂಪದಲ್ಲಿ ಕನ್ನಡದಲ್ಲೂ ಇತರ ಭಾಷೆಗಳಲ್ಲೂ ಸಂವಾದೀ ಪಾಠಗಳ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಕೆಲವು ವರ್ಷಗಳ ಅನುಭವದ ಮೇಲೆ ಅದೇ ಪ್ರತಿಷ್ಠಾನದ ಹಿರಿಯರು, ಗಣಕಯಂತ್ರವು ಒಳ್ಳೆಯ ಉಪಾಧ್ಯಾಯನ ಸ್ಥಾನವನ್ನು ತುಂಬಲಾರದೆಂದು ಬಹಿರಂಗವಾಗಿಯೇ ಹೇಳಿದರು. ಈ ಮಾತು ಯಥಾರ್ಥವಾದುದು. ತಟ್ಟೆಯು ತನಗೆ ಮೊದಲೇ ಹೇಳಿಕೊಟ್ಟ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡುವುದು. ಯಾರೂ ಊಹಿಸದ ಪ್ರಶ್ನೆಯನ್ನು ಮಗು ಕೇಳಿದಾಗ ಬೇಕಾಗುವವರು ಉಪಾಧ್ಯಾಯರೇ.

ಹಾಳಾಗುವ ಮುನ್ನ

ಈಗ ನಮ್ಮ ತಟ್ಟೆಗೆ ಹಿಂದಿರುಗೋಣ. ಹುಡುಗನ ಎರಡನೆಯ ಪ್ರಶ್ನೆಗೂ ಉತ್ತರ ಸಿದ್ಧವಾಗಿದೆ. ಓದಲಾಗದ ಜಾಗದಲ್ಲಿ ಒಂದು ಚಿತ್ರದ ಚೌಕಗಳು ಕೆಟ್ಟುವು. ಮುಂದಿನ ಚಿತ್ರಗಳು ಅದರಿಂದ ಸಾಲ ಪಡೆದವಾದ್ದರಿಂದ ಅವೂ ಕೆಟ್ಟುವು. ಯಾರಿಂದಲೂ ಸಾಲ ಪಡೆಯದ ಮುಂದಿನ ಪೂರ್ಣಚಿತ್ರ ಬಂದೊಡನೆ ಎಲ್ಲವೂ ಸರಿಯಾಯಿತು. ಅವನು ಕಂಡ ಅರೆಕ್ಷಣವೇ ಎರಡು ಪೂರ್ಣಚಿತ್ರಗಳ ನಡುವಿನ ಅಂತರ. ಮತ್ತೊಂದು ಸಂಗತಿ: ವಿಡಿಯೋ ಸಿ.ಡಿ.ಯಲ್ಲಿ ಹೆಚ್ಚು ಚಿತ್ರ ಹಿಡಿಸುವುದಕ್ಕಾಗಿ, ಗಣಕಯಂತ್ರದ ಕಡತಗಳಿಗೆ ಕೊಡುವ ಹೆಚ್ಚಿನ ಒಂದು ಹಂತದ ತಪ್ಪು ತಿದ್ದುವ ಕಾವಲನ್ನು ಬಿಟ್ಟಿರುತ್ತಾರೆ. ಆದ್ದರಿಂದ ತಟ್ಟೆ ಹಳತಾದಂತೆ ಮೊದಲು ಕಾಣುವ ಗಾಯ ಚಿತ್ರದ್ದೇ.

ಗಾಯಕ್ಕೆ ಕಾರಣವೂ ಇದೆ. ಮನೆಯಲ್ಲೋ ಅಂಗಡಿಯಲ್ಲೋ ಬರೆಸಿದ ಸಿ.ಡಿ.ಯಲ್ಲಿ ಗುಂಡಿಗಳಿಲ್ಲ, ಲೇಸರಿನ ಕಾವಿಗೆ ಬದಲಾಗುವ ಬಣ್ಣದ ಒಂದು ಪದರವಿದೆ. ಬಿಸಿಲು, ಸೆಕೆ, ತೇವಗಳಿಂದ ಈ ಬಣ್ಣ ಕ್ರಮೇಣ ಕೆಡುವುದು. ಚೀಟಿಯ ಕಡೆಯ ಮೈಯಲ್ಲಂತೂ ಈ ಪದರಕ್ಕೆ ರಕ್ಷಣೆ ಅತ್ಯಲ್ಪ. ಅಲ್ಲಿ ಗೀರಿದರೆ ಅಥವಾ ಮೊನಚಾದ ಲೇಖನಿಯಿಂದ ಬರೆದರೆ ಬರಹವೇ ಕಿತ್ತುಹೋಗಬಹುದು. ಜೊತೆಗೆ ಓದುವ ಯಂತ್ರಗಳೇ ಮರೆಯಾಗುತ್ತಿವೆ. ಹೊಸ ಗಣಕಯಂತ್ರಗಳಲ್ಲಿ ಸಿ.ಡಿ. ಇಡುವ ಬಾಗಿಲು ಅಪರೂಪವಾಗಿದೆ. ಇದು ಎಂಥ ಅಪಾಯವೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. ಅಲ್ಲಿ 1086ರಲ್ಲಿ ಬರೆಸಿದ ‘ಡೂಮ್ಸ್‌ಡೇ’ ಎಂಬ ದೇಶಗಣತಿಯ ಗ್ರಂಥದ 900ನೆಯ ವರ್ಷದ ನೆನಪಿಗೆ, ಬಿ.ಬಿ.ಸಿ.ಯು 1986ರಲ್ಲಿ ಶಾಲಾಮಕ್ಕಳಿಂದಲೂ ಜನರಿಂದಲೂ ಸಂಗ್ರಹಿಸಿದ ಚಿತ್ರ, ಬರಹಗಳನ್ನು ಎರಡು ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಅವನ್ನು ಓದುವ ಯಂತ್ರಗಳೇ ವಿರಳವಾಗಿ, ವಿದ್ವಾಂಸರು ಬಹಳ ಶ್ರಮದಿಂದ ಅವನ್ನು ಉಳಿಸಿಕೊಳ್ಳಬೇಕಾಯಿತು. ಒಂಬೈನೂರು ವರ್ಷಗಳ ಹಿಂದಿನ ಚರ್ಮದ ಗ್ರಂಥವಾದರೋ ಹಾಗೆಯೇ ಓದಲು ಸಿಕ್ಕುತ್ತಿತ್ತು!

ಇಂದು ಪಾಠಗಳು ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕಾಕಾರದ ಕ್ಯೂ.ಆರ್. ಸಂಕೇತದ ಮೂಲಕ ದೂರವಾಣಿಯ ಪರದೆಗೆ ಬರುತ್ತಿವೆ. ತಟ್ಟೆ ಹೋದರೂ ತತ್ತ್ವ ಹೋಗಿಲ್ಲ. ಬೆರಳಿನಿಂದ ಚಿತ್ರವನ್ನು ಹಿಂದಕ್ಕೆ ಎಳೆದಾಗ ಅದು ನಾವು ಬಯಸಿದ ಜಾಗಕ್ಕಿಂತ ಕೊಂಚ ಹಿಂದೆ ನಿಲ್ಲುವುದನ್ನು ವಾಚಕರು ಕಂಡಿರಬಹುದು. ಅದು ಪೂರ್ಣಚಿತ್ರವನ್ನು ಹುಡುಕಿಕೊಂಡು ಹೋದದ್ದು.

ಮನೆಯಲ್ಲೋ ಶಾಲೆಯ ಬೀರುವಿನಲ್ಲೋ ಇಂಥ ತಟ್ಟೆಗಳಿದ್ದವರು ತಡಮಾಡದೆ ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು. ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರಸಬೇಕು. ಸುತ್ತ ಒರಸಬಾರದು, ಏಕೆಂದರೆ ಸುರುಳಿಯ ಉದ್ದಕ್ಕೆ ಬೀಳುವ ಗೀರನ್ನು ತಿದ್ದುವುದು ಕಷ್ಟ. ಒಂದು ಯಂತ್ರ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಬೇಕು. ಅಂಕೆಗಳನ್ನು ಇದ್ದಂತೆಯೇ ನಕಲು ಮಾಡಬೇಕು. ಪುನಃ ಸಂಕೋಚನಕ್ಕೆ ಒಳಪಡಿಸಿದರೆ ಪ್ರತಿಸಲವೂ ಒಂದಿಷ್ಟು ನಷ್ಟವಾಗುವುದು. ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಬೇಕು.

ನಮ್ಮ ತಟ್ಟೆಯನ್ನು ಮೂರು ಯಂತ್ರಗಳಲ್ಲಿ ಓದಿಸಿ ನೋಡಿದೆವು. ಮೂರನೆಯದು ಹಳೆಯದು, ಅದರಲ್ಲಿ ಕೆಟ್ಟಿದ್ದ ಜಾಗವೂ ಓದಿಗೆ ಸಿಕ್ಕಿತು. ಬಟ್ಟಲಿನ ಅಂಚನ್ನು ನೀರು ಮುಟ್ಟುವುದು, ಒಂದು ಕ್ಷಣ ಅದು ತಡೆದು ನಿಲ್ಲುವುದು, ಆಮೇಲೆ ಥಟ್ಟನೆ ಮುಳುಗುವುದು, ಎಲ್ಲವೂ ಕಂಡುವು. ಹುಡುಗನು ಅಲ್ಲಿ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿದನು. ಅನಂತರ, “ರಂಧ್ರವನ್ನು ಎರಡರಷ್ಟು ಅಗಲ ಮಾಡಿದರೆ ಕಾಲ ಅರ್ಧವಾಗುವುದೇ ಸಾರ್?” ಎಂದು ಕೇಳಿದನು. ಆ ಪ್ರಶ್ನೆಗೆ ತಟ್ಟೆಯಲ್ಲಿ ಉತ್ತರವಿರಲಿಲ್ಲ. ಮರುದಿನ ನಾವಿಬ್ಬರೂ ಎರಡು ಚಿಪ್ಪುಗಳನ್ನೂ ಒಂದು ಬಕೆಟ್ ನೀರನ್ನೂ ತಂದೆವು.